ಮುಂಬಯಿಯಲ್ಲಿ ಇಳಿದುಕೊಳ್ಳಲು ಒಂದು ಕೇರಿ

ಮುಂಬಯಿಗೆ ಹೊರಟು ನಿಂತವನನ್ನು ನಮ್ಮ ಕಡೆಯ ಹಿರಿಯರು ಕೇಳುತ್ತಿದ್ದ ಮೊದಲ ಪ್ರಶ್ನೆ 'ಯಾಕೆ ಹೋಗುತ್ತೀ?' ಎಂದಲ್ಲ, 'ಎಲ್ಲಿ ಇಳಿದುಕೊಳ್ಳುತ್ತೀ?' ಎಂದು. ಯಾಕೆ ಹೋಗುವುದು ಎಂಬುದು ಉಡುಪಿ, ಕಾಪು, ಕಾರ್ಕಳಗಳ ಹೆಚ್ಚಿನ ಮನೆಗಳಲ್ಲಿ ಬಿಡಿಸಿ ಹೇಳಬೇಕಾದ ವಿಷಯವಾಗಿರಲಿಲ್ಲ. ಗೇಣಿ ಅಳೆದು ಉಳಿದ ಅಕ್ಕಿ ಆಟಿ ತಿಂಗಳವರೆಗೆ ಬರುತ್ತಿರಲಿಲ್ಲ. ಶಾಲೆ ಬಿಟ್ಟ ಹುಡುಗನಿಗೆ ಊರಿನಲ್ಲಿ ಕೈಗೆ ಕೆಲಸವಿರಲಿಲ್ಲ. ಅಷ್ಟು ಕಾರಣ ಸಾಕು. ಆದರೆ ಇಳಿದುಕೊಳ್ಳುವುದು ಎಲ್ಲಿ ಎಂಬುದಕ್ಕೆ ಉತ್ತರವಿಲ್ಲದ ಮಗನನ್ನು ತಾಯಿಯಾದವಳು ಹಡಗು ಹತ್ತಿಸಲು ಒಪ್ಪುತ್ತಿರಲಿಲ್ಲ. ಆ ಪ್ರಶ್ನೆಗೆ ನೂರು ವರ್ಷಗಳಲ್ಲಿ ನಮ್ಮವರು ಕೊಟ್ಟುಕೊಂಡ ಉತ್ತರಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಇಟ್ಟು ನೋಡಿದರೆ, ಕರಾವಳಿಯ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೇ ದೊರೆಯುತ್ತದೆ.

ಪ್ರವಾಸಿಯಾಗಿ ದೊಡ್ಡ ಪಟ್ಟಣಕ್ಕೆ ಹೋಗುವ ಈಗಿನವರು ಬಡಾವಣೆಯನ್ನು ಆರಿಸಿಕೊಳ್ಳುತ್ತಾರೆ. ಸಮುದ್ರ ಹತ್ತಿರವಿರಬೇಕೆ, ನಿಲ್ದಾಣ ಹತ್ತಿರವಿರಬೇಕೆ, ಬಾಡಿಗೆ ಎಷ್ಟು ಎಂದು ತೂಗಿ ನೋಡುತ್ತಾರೆ. ಆಗಿನವನಿಗೆ ಈ ಆಯ್ಕೆ ಇರಲಿಲ್ಲ. ಅವನ ಕೇರಿಯನ್ನು ಆರಿಸುತ್ತಿದ್ದುದು ಒಂದು ಕಾಗದ. ಊರಿನ ಶಾಲೆಯ ಮಾಸ್ತರರಿಂದಲೋ, ಅಂಚೆಯವನಿಂದಲೋ ಬರೆಸಿದ ಒಂದು ಕಾರ್ಡು: 'ಇಂಥವನನ್ನು ಇಂಥ ದಿನ ಕಳುಹಿಸುತ್ತಿದ್ದೇವೆ, ಬಂದರಕ್ಕೆ ಬಂದು ಕರೆದುಕೊಂಡು ಹೋಗುವುದು.' ಆ ಕಾರ್ಡಿನ ಬಲಮಗ್ಗುಲಿನಲ್ಲಿದ್ದ ವಿಳಾಸವೇ ಅವನ ಮುಂಬಯಿ. ತುಳು ಮಾತನಾಡುವ ಮನೆಯಿಂದ ತುಳು ಮಾತನಾಡುವ ಬಿಡಾರಕ್ಕೆ ಹೋಗುವ ಕಾಗದ ಕನ್ನಡದಲ್ಲಿರುತ್ತಿತ್ತು, ಅದರ ಮೇಲಿನ ವಿಳಾಸ ಮಾತ್ರ ಇಂಗ್ಲಿಷಿನಲ್ಲಿ. ಆ ವಿಳಾಸವನ್ನು ಬರೆಯಬಲ್ಲವನಿಗೆ ಹಳ್ಳಿಯಲ್ಲಿ ಒಂದು ಬಗೆಯ ಗೌರವವಿದ್ದಿತು. 'ಕೇರ್ ಆಫ್' ಎಂಬ ಎರಡು ಶಬ್ದಗಳ ಅರ್ಥ ನನಗೆ ತಿಳಿದದ್ದು ಇಂಗ್ಲಿಷ್ ಪಾಠದಲ್ಲಲ್ಲ, ಇಂಥ ಕಾರ್ಡುಗಳ ಮೇಲೆ.

ಹೊಸ ಊರಿನಲ್ಲಿ ತನ್ನವರ ಕೇರಿಯನ್ನು ಹುಡುಕುವುದು ಬಡತನದ ಅಭ್ಯಾಸ ಮಾತ್ರವೆಂದು ಹೇಳುವಂತಿಲ್ಲ. ಕರಾವಳಿಯ ಬಂದರು ಪಟ್ಟಣಗಳು ಬಹು ಹಿಂದಿನಿಂದಲೂ ಕೇರಿಗಳಾಗಿಯೇ ಬೆಳೆದವು. ಉಡುಪಿಯಿಂದ ಉತ್ತರಕ್ಕೆ ಇರುವ ಬಾರಕೂರನ್ನು ತೆಗೆದುಕೊಳ್ಳಿ. ಆಳುಪರಿಗೆ ರಾಜಧಾನಿಯಾಗಿದ್ದು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರವಾಗಿದ್ದ ಆ ಪಟ್ಟಣಕ್ಕೆ ಹತ್ತು ಕೇರಿಗಳಿದ್ದವು. ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿ ಎಂಬ ಹೆಸರುಗಳು ಇಂದಿಗೂ ಅಲ್ಲಿ ಉಳಿದಿವೆ. ಕೇರಿಗಳ ಪ್ರಮುಖರನ್ನು ಶಾಸನಗಳು 'ಹಲರು' ಎಂದು ಕರೆಯುತ್ತವೆ. ಕಡಲಾಚೆಯಿಂದ ಬಂದ ಮುಸಲ್ಮಾನ ವರ್ತಕರಿಗೆ 'ಹಂಜಮಾನ'ವೆಂಬ ಕೂಟವಿದ್ದಿತು. ಬಸರೂರಿನಲ್ಲಿಯೂ ಹೆಚ್ಚು ಕಡಿಮೆ ಇದೇ ವ್ಯವಸ್ಥೆ. ಹಡಗಿನಿಂದ ಇಳಿದ ಪರದೇಶದ ವ್ಯಾಪಾರಿ ಪಟ್ಟಣಕ್ಕೆ ಬರುತ್ತಿದ್ದುದಕ್ಕಿಂತ ಹೆಚ್ಚಾಗಿ ಒಂದು ಕೇರಿಗೆ ಬರುತ್ತಿದ್ದನೆಂದರೆ ಸಲ್ಲುತ್ತದೆ. ಅವನ ಮಾತಿಗೆ ಅಲ್ಲಿ ಜಾಮೀನು ನಿಲ್ಲುವವರಿದ್ದರು. ಶತಮಾನಗಳ ಅನಂತರ ನಮ್ಮ ಹುಡುಗರು ಇನ್ನೊಂದು ಬಂದರಿಗೆ ಹೋದಾಗ, ಹಿಂದೆ ತಮ್ಮ ಪಟ್ಟಣಗಳು ಪರರಿಗೆ ಒದಗಿಸಿದ್ದ ಆಶ್ರಯವನ್ನೇ ತಾವು ಹುಡುಕಿಕೊಂಡರು.

ಆ ಹುಡುಕಾಟ ಮೊದಲು ನಿಂತದ್ದು 'ಫೋರ್ಟ್' ಎಂಬಲ್ಲಿ. ಹೆಸರಿಗೆ ಕೋಟೆಯಾದರೂ ಅದರ ಗೋಡೆಗಳನ್ನು 1860ರ ದಶಕದಲ್ಲಿಯೇ ಕೆಡವಿದ್ದರು. ನಮ್ಮವರು ಅಲ್ಲಿಗೇ ಏಕೆ ಹೋದರು ಎಂಬುದಕ್ಕೆ ದಾರಿಯೇ ಅರ್ಧ ಉತ್ತರ. ಕಾಪುವಿನ ಕಡಲ ಬಂಡೆಯ ಮೇಲೆ ದೀಪಸ್ತಂಭ ಎದ್ದದ್ದು 1901ರಲ್ಲಿ. ಅದರ ಬೆಳಕನ್ನು ನೋಡುತ್ತ ಬೆಳೆದವರಿಗೆ ಮುಂಬಯಿ ಎಂದರೆ ನೀರಿನ ಮೇಲಿನ ಊರು. ದೋಣಿಯಲ್ಲಿ ಹೋಗಿ, ದೂರದಲ್ಲಿ ಲಂಗರು ಹಾಕಿ ನಿಂತ ಆಗಬೋಟನ್ನು ಹತ್ತಿ, ಡೆಕ್ಕಿನ ಮೇಲೆ ಹಾಸಿಗೆ ಬಿಡಿಸಿಕೊಂಡರೆ ಅದೇ ಪ್ರಯಾಣ. ಮುಂಗಾರು ಹಿಡಿದರೆ ಹಡಗು ನಿಲ್ಲುತ್ತಿತ್ತು. ಆಗ ಕಾರ್ಕಳದಿಂದ ಆಗುಂಬೆಯ ಘಾಟಿ ಹತ್ತಿ, ಶಿವಮೊಗ್ಗದ ಕಡೆಯಿಂದ ಸಣ್ಣ ಗೇಜಿನ ರೈಲು ಹಿಡಿದು, ಹುಬ್ಬಳ್ಳಿ, ಬೆಳಗಾವಿಗಳನ್ನು ದಾಟಿ ಪುಣೆಯಲ್ಲಿ ಗಾಡಿ ಬದಲಾಯಿಸಬೇಕು. ಹಡಗು ಇಳಿಸುತ್ತಿದ್ದುದು ಗೋದಿಗಳ ಸಾಲಿನಲ್ಲಿ. ರೈಲು ಇಳಿಸುತ್ತಿದ್ದುದು ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ. ಎರಡರಿಂದಲೂ ಫೋರ್ಟು ಟ್ರಂಕನ್ನು ಹೆಗಲ ಮೇಲೆ ಹೊತ್ತು ನಡೆದು ಹೋಗಬಹುದಾದಷ್ಟು ದೂರ. ಟಾಂಗಾದ ಬಾಡಿಗೆ ಉಳಿಯಿತೆಂಬುದು ಆ ಹುಡುಗನಿಗೆ ಸಣ್ಣ ಸಂಗತಿಯಾಗಿರಲಿಲ್ಲ.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು. ಉತ್ತರ ಕನ್ನಡವನ್ನು 1862ರಲ್ಲಿಯೇ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರು. ದಕ್ಷಿಣ ಕನ್ನಡ ಮಾತ್ರ 1956ರವರೆಗೂ ಮದರಾಸಿನಲ್ಲಿಯೇ ಉಳಿಯಿತು. ತೆರಿಗೆ ಒಂದು ದಿಕ್ಕಿಗೆ ಹೋಗುತ್ತಿತ್ತು, ಮಕ್ಕಳು ಇನ್ನೊಂದು ದಿಕ್ಕಿಗೆ ಹೋಗುತ್ತಿದ್ದರು. ಮುಂಬಯಿಯಲ್ಲಿ ನಮ್ಮವರನ್ನು ಬಹುಕಾಲ 'ಮದ್ರಾಸಿ'ಗಳೆಂದು ಕರೆದುದಕ್ಕೆ ತಿಳಿಯದವರ ಅಸಡ್ಡೆಯ ಜೊತೆಗೆ ಈ ಆಡಳಿತದ ಎಳೆಯೂ ಕಾರಣ.

ಫೋರ್ಟಿನಲ್ಲಿ ಅವನಿಗೆ ಸಿಕ್ಕಿದ್ದೇನು? ಕಚೇರಿಗಳ ನಡುವೆ, ಗುಮಾಸ್ತರಿಗೆ ಚಹಾ, ತಿಂಡಿ ಒದಗಿಸುವ ಹೋಟೆಲುಗಳಿದ್ದವು. ಹೋಟೆಲಿನಲ್ಲಿ ಕೆಲಸ ಸಿಕ್ಕಿದರೆ ಊಟ ಸಿಕ್ಕಿತು. ಊಟದ ಜೊತೆಗೆ ಮಲಗುವ ಜಾಗವೂ ಸಿಕ್ಕಿತು. ರಾತ್ರಿ ಕೊನೆಯ ಗಿರಾಕಿ ಎದ್ದ ಮೇಲೆ ಮೇಜುಗಳನ್ನು ಜೋಡಿಸಿ, ಅವುಗಳ ಮೇಲೆ ಹಾಸಿಗೆಯ ಸುರುಳಿ ಬಿಚ್ಚಬೇಕು. ಬೆಳಗ್ಗೆ ಹಾಲಿನವನು ಬರುವ ಮೊದಲು ಸುತ್ತಿಡಬೇಕು. ಬಡಾವಣೆಯಲ್ಲಿ ಅವನಿಗೆ ಮನೆಯಿಲ್ಲ, ಖೋಲಿಯಿಲ್ಲ. ಇದ್ದುದು ರಾತ್ರಿಯ ಐದಾರು ಗಂಟೆಗಳ ಒಂದು ಮೇಜು. ಇಷ್ಟೇ ಆಗಿದ್ದರೆ ಫೋರ್ಟಿನ ಚರಿತ್ರೆ ಎಲ್ಲ ಬಂದರು ಪಟ್ಟಣಗಳ ಕೂಲಿಯವರ ಚರಿತ್ರೆಯಾಗುತ್ತಿತ್ತು. ಅದಕ್ಕೆ ಬೇರೆ ಬಣ್ಣ ಕೊಟ್ಟದ್ದು ರಾತ್ರಿ ಶಾಲೆಗಳು.

ಮೊಗವೀರ ವ್ಯವಸ್ಥಾಪಕ ಮಂಡಳಿ ಮುಂಬಯಿಯಲ್ಲಿ ಹುಟ್ಟಿದ್ದು 1902ರಲ್ಲಿ. ಮೀನುಗಾರಿಕೆಯ ಕುಲದವರು, ಅಕ್ಷರಕ್ಕೆ ಹತ್ತಿರವಿಲ್ಲದವರೆಂದು ಊರಿನಲ್ಲಿ ಎಣಿಸಲ್ಪಟ್ಟವರು, ಅಷ್ಟು ದೂರದ ಪಟ್ಟಣದಲ್ಲಿ ತಮ್ಮ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ ಬಂದವು. ಅವರವರ ಶಾಲೆಗಳೂ ಬಂದವು. ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ತಟ್ಟೆ ತೊಳೆದ ಕೈಗಳು ಸಂಜೆ ಬೀಜಗಣಿತ ಬರೆಯುತ್ತಿದ್ದವು. ಹೀಗಾಗಿ ಫೋರ್ಟಿನಲ್ಲಿ ಇಳಿಯುವುದಕ್ಕೆ ಬೇರೆ ಕೇರಿಗಳಲ್ಲಿ ಇಲ್ಲದ ಒಂದು ಲಾಭವಿದ್ದಿತು. ಕೆಲಸ, ಹಾಸಿಗೆ, ಶಾಲೆ ಮೂರೂ ನಡೆದು ಹೋಗಬಹುದಾದ ಅಂತರದಲ್ಲಿ. ಪರೇಲಿನ ಗಿರಣಿಗಳ ಕಡೆ ಹೋದವನಿಗೆ ಕೂಲಿ ಹೆಚ್ಚು ಸಿಕ್ಕಿರಬಹುದು. ಆದರೆ ಪಾಳಿಯ ಭೋಂಗಾ ಶಾಲೆಯ ಗಂಟೆಗೆ ಹೊಂದಿಕೊಳ್ಳುವುದಿಲ್ಲ. ಸಂಜೆ ಆರೂವರೆಗೆ ಹುಡುಗರನ್ನು ಬಿಟ್ಟುಕೊಡುವ ಯಜಮಾನ ಯಾರು, ಬಿಟ್ಟುಕೊಡದವನು ಯಾರು ಎಂಬ ವಿವರ ಊರಿನವರೆಗೂ ತಲಪುತ್ತಿತ್ತು. ಕಾಗದ ಬರೆಯುವಾಗ ತಂದೆಯಂದಿರು ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ನಮ್ಮ ಜಿಲ್ಲೆಯ ಅದೆಷ್ಟೋ ಮಂದಿ ಬ್ಯಾಂಕು ನೌಕರರು, ವಕೀಲರು, ಲೆಕ್ಕಪರಿಶೋಧಕರು, ಹೋಟೆಲು ಮಾಲಿಕರು ಈ ದಾರಿಯಲ್ಲಿ ಬಂದವರು. ಅವರಲ್ಲಿ ಹಲವರು ತಾವು ಮಲಗಿದ ಮೇಜನ್ನು ಜೀವಮಾನವಿಡೀ ಮರೆಯಲಿಲ್ಲ. ಕೆಲವರು ಬಹಳ ಬೇಗ ಮರೆತರು.

ಕಾಗದ ಯಾರಿಗೆ ಬರೆಯುವುದು ಎಂಬುದರಲ್ಲಿಯೂ ಒಂದು ಕ್ರಮವಿದ್ದಿತು. ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ಇದ್ದುದು ಅಳಿಯಕಟ್ಟು. ಆಸ್ತಿಯೂ ಮನೆತನವೂ ತಾಯಿಯ ಕಡೆಯಿಂದ ಇಳಿದು ಬರುವ ಈ ಕಟ್ಟಿನಲ್ಲಿ ಹುಡುಗನ ಹೊಣೆ ಸೋದರಮಾವನದು. ಆದ್ದರಿಂದ ಮುಂಬಯಿಯ ಕಾಗದ ಹೋಗುತ್ತಿದ್ದುದು ಮಾವನಿಗೆ. ಮಾವ ಫೋರ್ಟಿನಲ್ಲಿದ್ದರೆ ಅಳಿಯನೂ ಫೋರ್ಟಿನವನು; ಮಾವ ಬೈಕಲಾದಲ್ಲಿದ್ದರೆ ಅಳಿಯನೂ ಅಲ್ಲಿಯವನು. ಊರಿನಲ್ಲಿ ಗದ್ದೆ ಹೇಗೆ ಮಾವನಿಂದ ಅಳಿಯನಿಗೆ ಬರುತ್ತಿತ್ತೋ ಹಾಗೆಯೇ ಮುಂಬಯಿಯಲ್ಲಿ ಕೇರಿಯೂ ಬಂದಿತು. ಮಾವನ ಖೋಲಿಯಲ್ಲಿ ಅಳಿಯಂದಿರ ಸಂಖ್ಯೆ ಏರಿದಾಗ ಅತ್ತೆಯ ಮುಖ ಹೇಗಿರುತ್ತಿತ್ತು ಎಂಬುದನ್ನು ಯಾವ ಸಂಘದ ಸ್ಮರಣ ಸಂಚಿಕೆಯೂ ದಾಖಲಿಸಿಲ್ಲ. ಹತ್ತು ಅಡಿ, ಹನ್ನೆರಡು ಅಡಿಗಳ ಒಂದು ಕೋಣೆಯಲ್ಲಿ ಗೋಡೆಯ ಬದಿಗೆ ಸಾಲಾಗಿ ಟ್ರಂಕುಗಳು; ಅವುಗಳಲ್ಲಿ ಕೆಲವಕ್ಕೆ ವಾರಸುದಾರರು ಯಾರೆಂದೇ ಆಕೆಗೆ ಗೊತ್ತಿರುತ್ತಿರಲಿಲ್ಲ.

ಗೋವೆಯ ಕ್ರೈಸ್ತರು ಇದೇ ಸಮಸ್ಯೆಯನ್ನು ಇನ್ನೂ ಅಚ್ಚುಕಟ್ಟಾಗಿ ಬಿಡಿಸಿಕೊಂಡಿದ್ದರು. ಧೋಬಿ ತಲಾವಿನ ಸುತ್ತಮುತ್ತ ಒಂದೊಂದು ಹಳ್ಳಿಗೆ ಒಂದೊಂದು 'ಕೂಡ್'. ಆ ಹಳ್ಳಿಯವನಾದರೆ ಸಾಕು, ಅಲ್ಪ ಬಾಡಿಗೆಗೆ ಅಲ್ಲಿ ಚಾಪೆ ಹಾಸಿಕೊಳ್ಳಬಹುದು. ಹಡಗಿನ ಕೆಲಸಕ್ಕೆ ಹೋಗುವ ನಾವಿಕ ತನ್ನ ಟ್ರಂಕನ್ನು ಅಲ್ಲಿಯೇ ಬಿಟ್ಟು ಹೋಗಬಹುದು. ನಮ್ಮವರಲ್ಲಿ ಹಳ್ಳಿಗೊಂದು ಕೂಡ್ ಬೆಳೆಯಲಿಲ್ಲ. ಮಾವನೇ ನಮಗೆ ಕೂಡ್ ಆಗಿದ್ದನೆನ್ನಬೇಕು.

ಕಾಗದವಿಲ್ಲದೆ ಹೋದವನ ಗತಿ ಏನು? ಅದಕ್ಕೂ ಒಂದು ಪ್ರಸಿದ್ಧ ಉದಾಹರಣೆಯಿದೆ. ಮಂಗಳೂರಿನ ಜಾರ್ಜ್ ಫರ್ನಾಂಡಿಸರು ಸೆಮಿನರಿ ಬಿಟ್ಟು 1949ರಲ್ಲಿ ಮುಂಬಯಿಗೆ ಹೋದಾಗ ಅವರನ್ನು ಇಳಿಸಿಕೊಳ್ಳುವವರಿರಲಿಲ್ಲ. ಚೌಪಾಟಿಯ ಬೆಂಚುಗಳ ಮೇಲೆ ಮಲಗಿದ್ದನ್ನು, ನಡುರಾತ್ರಿ ಪೊಲೀಸರು ಎಬ್ಬಿಸಿ ಅಟ್ಟುತ್ತಿದ್ದುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅನಂತರ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಗೋದಿ ಕಾರ್ಮಿಕರ ನಾಯಕ ಪಿ. ಡಿಮೆಲ್ಲೋ ಅವರ ಒಡನಾಟ ದೊರೆಯಿತು. ಗೋದಿಗಳ ಬದಿಯ ರಸ್ತೆಗೆ ಈಗ ಡಿಮೆಲ್ಲೋ ಅವರ ಹೆಸರೇ ಇದೆ. ಮಾವನ ಖೋಲಿ ಸಿಕ್ಕಿದ್ದರೆ ಫರ್ನಾಂಡಿಸರು ಯಾವ ದಾರಿ ಹಿಡಿಯುತ್ತಿದ್ದರೋ ಎಂದು ನಾನು ಒಮ್ಮೊಮ್ಮೆ ಯೋಚಿಸಿದ್ದುಂಟು. ಅದು ಚರಿತ್ರೆಕಾರ ಕೇಳಬಾರದ ಪ್ರಶ್ನೆ.

ಚಿತ್ರಾಪುರ ಸಾರಸ್ವತರು ಹಿಡಿದ ದಾರಿ ಬೇರೆ. ಶಿಕ್ಷಣದಲ್ಲಿ ಮುಂದಾಗಿದ್ದು ಸರಕಾರಿ ಕಚೇರಿಗಳಿಗೆ ಗುಮಾಸ್ತರಾಗಿ ಹೋದ ಇವರು, ರಾವ್ ಬಹಾದ್ದೂರ್ ತಲ್ಮಕಿಯವರ ಮುಂದಾಳುತನದಲ್ಲಿ, ಗಾಮದೇವಿಯಲ್ಲಿ 1915ರಷ್ಟು ಹಿಂದೆಯೇ ಸಹಕಾರಿ ಗೃಹ ನಿರ್ಮಾಣ ಸಂಘವನ್ನು ಕಟ್ಟಿದರು. ಏಷ್ಯದಲ್ಲಿಯೇ ಅಂಥ ಮೊದಲ ಸಂಘವೆಂದು ಅದನ್ನು ಹೇಳುವುದುಂಟು. ಕೇರಿಯನ್ನು ಹುಡುಕುವ ಬದಲು ಕಟ್ಟಿಕೊಂಡವರು ಇವರು. ಹೋಟೆಲಿನ ಹುಡುಗನಿಗೆ ಅದು ಅನುಕರಿಸಲಾಗದ ಮಾದರಿ. ಪಾಲು ಬಂಡವಾಳ ಹಾಕಲು ಅವನಲ್ಲಿ ಪಾಲೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ.

ಫೋರ್ಟಿನ ಮುಂದಿನ ನಿಲ್ದಾಣ ಮಾಟುಂಗ. ಅದರ ಕಥೆ ಒಂದು ರೋಗದಿಂದ ಆರಂಭವಾಗುತ್ತದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಗಲ್ಲಿಗಳೇ ರೋಗದ ಮನೆಯೆಂದು ಭಾವಿಸಿದ ಸರಕಾರ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟನ್ನು ಸ್ಥಾಪಿಸಿತು. ಅದು ದ್ವೀಪದ ಉತ್ತರದ ಗದ್ದೆ, ತೋಟ, ಜವುಳು ನೆಲಗಳನ್ನು ಸಮಮಾಡಿಸಿ ದಾದರ್, ಮಾಟುಂಗ, ಶೀವ್ ಬಡಾವಣೆಗಳನ್ನು ಅಳೆದು ಹಾಕಿತು. ಅಗಲವಾದ ರಸ್ತೆ, ಸಾಲು ಮರ, ನಡುವೆ ಕಿಂಗ್ಸ್ ಸರ್ಕಲ್ಲಿನ ದುಂಡು ತೋಟ. ನಿವೇಶನಗಳು ಮನೆಗಳಾಗಿ ತುಂಬುವುದಕ್ಕೆ ಎರಡು ಮೂರು ದಶಕಗಳೇ ಹಿಡಿದವು. ಅಲ್ಲಿ ಮೊದಲು ನೆಲೆಸಿದವರಲ್ಲಿ ತಮಿಳು ಗುಮಾಸ್ತರು ಬಹಳ ಮಂದಿ. ಚಾಳಿನಂತೆ ಸಾಮೂಹಿಕ ಶೌಚಾಲಯವಿಲ್ಲದೆ ಮನೆಯೊಳಗೇ ಎಲ್ಲ ಅನುಕೂಲಗಳಿದ್ದ ಈ ಹೊಸ ಮಾದರಿಯ ಬಿಡಾರಗಳು ಮಡಿವಂತರಿಗೆ ಹಿಡಿಸಿದವು. ಅವರ ಹಿಂದೆ ದೇವಸ್ಥಾನ, ಸಂಗೀತ ಸಭೆ, ಕಾಫಿಪುಡಿಯ ಅಂಗಡಿಗಳು ಬಂದವು. ಕಾಫಿಯಿದ್ದಲ್ಲಿ ಉಡುಪಿಯವರು ಬಾರದಿರುತ್ತಾರೆಯೆ?

1942ರಲ್ಲಿ ಎ. ರಾಮ ನಾಯಕರು ಮಾಟುಂಗ ನಿಲ್ದಾಣದ ಹತ್ತಿರ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಬಾಳೆಯೆಲೆಯ ಊಟಕ್ಕೆ ಆ ಹೆಸರು ಮುಂಬಯಿಯಲ್ಲಿ ಇಂದಿಗೂ ಮಾತಾಗಿ ಉಳಿದಿದೆ. ಮೈಸೂರು ಅಸೋಸಿಯೇಷನ್ 1926ರಿಂದಲೇ ಇದ್ದಿತು; ಅದರ ಮನೆ ಮಾಟುಂಗದ ಭಾವು ದಾಜಿ ರಸ್ತೆಯಲ್ಲಿ. 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಮಾಟುಂಗ ರೋಡ್ ನಿಲ್ದಾಣದ ಬದಿಯಲ್ಲಿದೆ. ದಕ್ಷಿಣ ಕನ್ನಡದ ಬ್ರಾಹ್ಮಣರ ಸಂಘದ 'ಗೋಕುಲ' ಇರುವುದು ಪಕ್ಕದ ಶೀವ್‌ನಲ್ಲಿ. ಊರಿನಿಂದ ಸಾಹಿತಿಗಳು ಬಂದರೆ, ಯಕ್ಷಗಾನದ ಮೇಳ ಬಂದರೆ, ಮಠದ ಸ್ವಾಮಿಗಳು ಬಂದರೆ ಈ ಒಂದೆರಡು ಮೈಲಿಗಳ ಸುತ್ತಿನಲ್ಲಿಯೇ ಕಾರ್ಯಕ್ರಮ. ಹೀಗೆ ನಾಲ್ಕು ದಿನ ಇದ್ದು ಹೋಗಲು ಬಂದವನಿಗೆ, ಅಂದರೆ ದುಡಿಯಲು ಬಾರದೆ ನೋಡಲು ಬಂದ ಅತಿಥಿಗೆ, ಮಾಟುಂಗ ನಮ್ಮವರ ಮೊದಲ ಬಡಾವಣೆಯಾಯಿತು.

ಅದಕ್ಕೆ ಇನ್ನೊಂದು ಕಾರಣವನ್ನು ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡಿದವರು ಕೂಡಲೆ ಒಪ್ಪುವರು. ಮಧ್ಯ ರೈಲ್ವೆಯ ಮುಖ್ಯ ಹಳಿಯ ಮೇಲೆ ಮಾಟುಂಗ, ಪಶ್ಚಿಮದ ಹಳಿಯ ಮೇಲೆ ಮಾಟುಂಗ ರೋಡ್, ಹಾರ್ಬರ್ ಹಳಿಯ ಮೇಲೆ ಕಿಂಗ್ಸ್ ಸರ್ಕಲ್. ಆ ನಗರದ ಮೂರು ರೈಲು ದಾರಿಗಳೂ ಒಂದೇ ಬಡಾವಣೆಯಿಂದ ಕಾಲುನಡಿಗೆಯ ದೂರದಲ್ಲಿ ಸಿಗುತ್ತವೆ. ಅಣ್ಣನ ಮಗ ಅಂಧೇರಿಯಲ್ಲಿ, ತಂಗಿಯ ಮನೆ ಘಾಟ್‌ಕೋಪರಿನಲ್ಲಿ, ಷಡ್ಡಕ ಚೆಂಬೂರಿನಲ್ಲಿ ಇರುವಾಗ, ಎಲ್ಲರ ಮನೆಯಲ್ಲಿಯೂ ಒಂದೊಂದು ಹೊತ್ತು ಉಣ್ಣದೆ ಊರಿಗೆ ಹಿಂದಿರುಗುವಂತಿಲ್ಲದ ನಮ್ಮ ಬಂಧುತ್ವದ ಕಟ್ಟಳೆಗೆ ಮಾಟುಂಗದಷ್ಟು ಅನುಕೂಲವಾದ ಸ್ಥಳ ಇನ್ನೊಂದಿರಲಿಲ್ಲ. ಅಲ್ಲಿಯ ಹೂವಿನ ಪೇಟೆಯಲ್ಲಿ ನಿಂತರೆ ಊರು ಮೂಗಿಗೇ ಬಂದು ತಾಗುತ್ತದೆ. ಕಾಪುವಿನ ಬದಿಯ ಶಂಕರಪುರದ ಮಲ್ಲಿಗೆಯ ಮೊಗ್ಗು ವಿಮಾನ ಹತ್ತಿ ಮುಂಬಯಿಗೆ ಹೋಗುವಷ್ಟು ಆ ನಗರದಲ್ಲಿ ನಮ್ಮ ಹೆಂಗಸರು ಬೆಳೆದಿದ್ದಾರೆ.

ಆದರೆ ಅತಿಥಿಗೆ ಇಷ್ಟು ಅನುಕೂಲವಾದ ಮಾಟುಂಗದಲ್ಲಿ ಹೊಸಬನೊಬ್ಬ ಬಾಡಿಗೆಗೆ ಮನೆ ಹಿಡಿಯುವಂತಿತ್ತೆ? ಇರಲಿಲ್ಲ. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತು. ಇದ್ದವನಿಗೆ ಅದು ವರ. ಹೊಸದಾಗಿ ಬಂದವನಿಗೆ ಬಾಗಿಲು ಮುಚ್ಚಿತು; ತೆರೆಯಬೇಕಾದರೆ 'ಪಗಡಿ' ಎಂಬ ದೊಡ್ಡ ಮೊತ್ತವನ್ನು ಕೈಯಿಂದ ಕೈಗೆ ಕೊಡಬೇಕು. ಹೀಗಾಗಿ ಒಮ್ಮೆ ಖೋಲಿ ಹಿಡಿದವನು ಅದನ್ನು ಬಿಡಲಿಲ್ಲ; ಅವನ ಹಿಂದೆ ಬಂದವರು ಅವನ ಖೋಲಿಯಲ್ಲಿಯೇ ತುಂಬಿಕೊಂಡರು. ನಮ್ಮ ಜನ ಒಂದೇ ಕೇರಿಗೆ ಅಂಟಿಕೊಂಡರೆಂದು ಟೀಕಿಸುವವರಿದ್ದಾರೆ. ಜಾತಿಯ ಅಭಿಮಾನ ಅದರಲ್ಲಿ ಇಲ್ಲದಿಲ್ಲ. ಆದರೆ ಅದರ ದೊಡ್ಡ ಪಾಲನ್ನು ನಾನು ಈ ಕಾಯಿದೆಯ ಲೆಕ್ಕಕ್ಕೆ ಬರೆಯುತ್ತೇನೆ.

ಭಯದ ಪಾಲೂ ಸ್ವಲ್ಪವಿದೆ. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಕೆಲವು ವರ್ಷ ದಕ್ಷಿಣದವರ ವಿರುದ್ಧ ಕೂಗು ಎದ್ದಿತು. ಉಡುಪಿ ಹೋಟೆಲುಗಳ ಗಾಜುಗಳು ಒಡೆದವು. ಗಡಿಯ ವಿವಾದದ ಹೆಸರಿನಲ್ಲಿ 1969ರ ಫೆಬ್ರುವರಿಯಲ್ಲಿ ನಡೆದ ಗಲಭೆ ಎಲ್ಲಕ್ಕಿಂತ ಕೆಟ್ಟದ್ದು. ಆ ದಿನಗಳಲ್ಲಿ ಊರಿನಲ್ಲಿದ್ದ ನಮಗೆ ಬಂದ ಕಾಗದಗಳಲ್ಲಿ 'ಇಲ್ಲಿ ಎಲ್ಲ ಕ್ಷೇಮ' ಎಂಬ ವಾಕ್ಯ ಎರಡು ಸಲ ಬರೆದಿರುತ್ತಿತ್ತು. ಒಬ್ಬೊಂಟಿಯಾಗಿ ದೂರದ ಬಡಾವಣೆಯಲ್ಲಿ ಇರುವುದಕ್ಕಿಂತ ತನ್ನವರ ನಡುವೆ ಇರುವುದು ಲೇಸೆಂದು ಆಗ ತೋರಿದುದು ಸಹಜ. ಅದೇ ಕಾಲದಲ್ಲಿ ಹೋಟೆಲಿನ ಮುಂದೆ ನಿಂತು ಕಲ್ಲಿನವರನ್ನು ತಡೆದ ನೆರೆಮನೆಯ ಮರಾಠಿಗರ ಕಥೆಗಳನ್ನೂ ಕೇಳಿದ್ದೇನೆ.

ದುಡಿಯಲು ಹೋದವರನ್ನು ಹೇಳಿದೆ, ನೋಡಲು ಹೋದವರನ್ನು ಹೇಳಿದೆ. ಮೂರನೆಯ ಬಗೆಯವರೂ ಇದ್ದರು. ಅವರ ವಿಷಯ ಯಾರೂ ಬರೆಯುವುದಿಲ್ಲ. ಪರೇಲಿನಲ್ಲಿ 1926ರಿಂದ ಕೆ.ಇ.ಎಂ. ಆಸ್ಪತ್ರೆ, 1941ರಿಂದ ಟಾಟಾ ಸ್ಮಾರಕ ಆಸ್ಪತ್ರೆ ಇವೆ. ಅರ್ಬುದ ರೋಗವೆಂದು ಊರಿನ ವೈದ್ಯರು ಕೈಚೆಲ್ಲಿದಾಗ, ಹೊಲ ಅಡವಿಟ್ಟು ಮುಂಬಯಿಗೆ ಹೊರಟವರಿಗೆ ಇಳಿಯುವ ಕೇರಿಯೆಂದರೆ ಪರೇಲಿಗೆ ಹತ್ತಿರವಾದ ಯಾವುದೋ ಒಂದು ಪರಿಚಿತರ ಮನೆ. ದಾದರ್ ಆದೀತು, ವಡಾಲ ಆದೀತು, ನಾಯಿಗಾಂವ್ ಆದೀತು. ವಾರಕ್ಕೆಂದು ಹೋದವರು ಮೂರು ತಿಂಗಳು ಉಳಿಯಬೇಕಾಗುತ್ತಿತ್ತು. ಒಂದೇ ಕೋಣೆಯ ಮನೆಯಲ್ಲಿ ರೋಗಿಗೆ ಮಂಚ ಬಿಟ್ಟುಕೊಟ್ಟು ಮನೆಯವರು ಹೊರಗಿನ ಜಗಲಿಯಲ್ಲಿ ಮಲಗಿದರು. ದೂರದ ಸಂಬಂಧ, ಕೆಲವು ಸಲ ಬರೇ ಒಂದೇ ಊರಿನವರೆಂಬ ಸಂಬಂಧ. ನಮ್ಮ ಕುಟುಂಬಕ್ಕೂ ಒಮ್ಮೆ ಅಂಥ ಋಣ ಬಂದಿತ್ತು. ಅದನ್ನು ತೀರಿಸಲಾಗಲಿಲ್ಲ, ಅವರು ತೀರಿಸಿಕೊಳ್ಳಲು ಬಿಡಲೂ ಇಲ್ಲ.

ಉಡುಪಿಯ ಪಕ್ಕದ ಬೋಳುಗುಡ್ಡ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದುದರ ಬೆಲೆಯನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು. ವೈದ್ಯರ ಸಂಖ್ಯೆ, ವಿದ್ಯಾರ್ಥಿಗಳ ಸಂಖ್ಯೆ ಎಲ್ಲರೂ ಹೇಳುತ್ತಾರೆ. ಅಲ್ಲಿಯ ಆಸ್ಪತ್ರೆ ಬೆಳೆದಂತೆ, ಕಾರ್ಕಳದ ಒಬ್ಬ ರೋಗಿ ಪರೇಲಿನಲ್ಲಿ ಯಾರದೋ ಜಗಲಿ ಹುಡುಕಬೇಕಾದ ಸಂದರ್ಭಗಳು ಕಡಿಮೆಯಾದವು ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಕಾಗದವೇ ಕೇರಿಯನ್ನು ಆರಿಸುತ್ತಿತ್ತೆಂದೆ. ಹಾಗಾದರೆ ಕಾಗದ ಬರೆಸಲು ವಿಳಾಸವೇ ಇಲ್ಲದವರು? ಸಂಘವಿದ್ದ ಜಾತಿಗಳಿಗೆ ಶಾಲೆ ಬಂದಿತು, ಶಾಲೆಯಿಂದ ನೌಕರಿ ಬಂದಿತು. ಊರಿನಲ್ಲಿ ಕೇರಿಯ ಹೊರಗೆ ಇರಿಸಲ್ಪಟ್ಟವನಿಗೆ ಮುಂಬಯಿಯಲ್ಲಿ ಮಾವನಿರುವುದು ಎಲ್ಲಿಂದ? ಹೋಟೆಲಿನ ಒಳಮನೆಯಲ್ಲಿ ಸಾರು ಕುದಿಸುವವನು ಯಾರು, ಹಿತ್ತಿಲಲ್ಲಿ ಪಾತ್ರೆ ಉಜ್ಜುವವನು ಯಾರು ಎಂಬುದರಲ್ಲಿ ಊರಿನ ಮೆಟ್ಟಲುಗಳೇ ಬಹುಕಾಲ ನಡೆದವು. ನಮ್ಮವರ ಮುಂಬಯಿಯ ಸಾಹಸವನ್ನು ಹೊಗಳುವ ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ, ಬರಬೇಕು. ಹೆಂಗಸರ ವಿಷಯವೂ ಹಾಗೆಯೇ. ಗಂಡಸು ಮೇಜಿನ ಮೇಲೆ ಮಲಗಬಲ್ಲ. ಹೆಂಗಸು ಮುಂಬಯಿಗೆ ಹೋಗಬೇಕಾದರೆ ಮೊದಲು ಖೋಲಿಯೊಂದು ಇರಬೇಕು. ಖೋಲಿ ಹತ್ತು ಹದಿನೈದು ವರ್ಷ ತಡವಾದರೆ ಆಕೆ ಊರಿನಲ್ಲಿ ಮನಿಯಾರ್ಡರಿನ ಫಾರಮಿನ ಕೆಳಗಿನ ತುಂಡಿನಲ್ಲಿ ಬರೆದ ಎರಡು ಸಾಲುಗಳನ್ನು ಓದುತ್ತ ಕೂತಿರಬೇಕು. ಉಡುಪಿಯವರೇ ಆದ ವ್ಯಾಸರಾಯ ಬಲ್ಲಾಳರ 'ಬಂಡಾಯ'ಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಯಶವಂತ ಚಿತ್ತಾಲರ 'ಶಿಕಾರಿ' 1979ರದು. ಮುಂಬಯಿಯ ಕಾರ್ಮಿಕನೂ, ಕಂಪೆನಿಯ ಅಧಿಕಾರಿಯೂ ಹೀಗೆ ಕನ್ನಡ ಕಾದಂಬರಿಗೆ ಬಂದರು. ಊರಿನಲ್ಲಿ ಉಳಿದ ಆ ಹೆಂಗಸಿನ ಕಾದಂಬರಿಯನ್ನು ನಾನು ಇನ್ನೂ ಓದಿಲ್ಲ.

ಮುಂದಿನದನ್ನು ಬೇಗ ಹೇಳಬಹುದು. 1974ರ ಭೂಸುಧಾರಣೆಯಿಂದ ಗೇಣಿಯ ಒಡೆತನ ಹೋದ ಮನೆಗಳ ಮಕ್ಕಳೂ ಮುಂಬಯಿಯ ದಾರಿ ಹಿಡಿದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರ ಮುಗಿಯಲೇ ಇಲ್ಲ; ಲಾಲಬಾಗ್, ಪರೇಲುಗಳ ಎಷ್ಟೋ ಹೋಟೆಲುಗಳಿಗೆ ಗಿರಾಕಿಗಳೇ ಇಲ್ಲವಾದರು. ನಮ್ಮವರು ರೈಲಿನ ಹಳಿಯನ್ನೇ ಹಿಡಿದು ಉತ್ತರಕ್ಕೆ, ಪೂರ್ವಕ್ಕೆ ಸರಿದರು: ಭಾಂಡುಪ್, ಮುಲುಂಡ್, ಡೊಂಬಿವಲಿ, ಮೀರಾ ರೋಡ್, ಕೊನೆಗೆ ಖಾರಿ ದಾಟಿ ನವಿಮುಂಬಯಿ. ಸಂಘಗಳ ಕಟ್ಟಡಗಳ ವಿಳಾಸವನ್ನು ಓದಿದರೆ ಸಾಕು, ಈ ಚಲನೆ ತಿಳಿಯುತ್ತದೆ. ಮೊಗವೀರರ ವಿದ್ಯಾಸಂಸ್ಥೆ ಅಂಧೇರಿಯಲ್ಲಿ, ಬಿಲ್ಲವರ ಭವನ ಸಾಂತಾಕ್ರೂಜಿನಲ್ಲಿ, ಬಂಟರ ಭವನ ಕುರ್ಲಾದಲ್ಲಿ.

1998ರಲ್ಲಿ ಕೊಂಕಣ ರೈಲ್ವೆ ಪೂರ್ಣಗೊಂಡು ಮಂಗಳೂರಿನಿಂದ ಮುಂಬಯಿಗೆ ಮತ್ಸ್ಯಗಂಧಾ ಓಡತೊಡಗಿತು. ಸಂಜೆ ಉಡುಪಿಯಲ್ಲಿ ಹತ್ತಿದವನು ಬೆಳಗ್ಗೆ ಪನ್ವೇಲ್, ಠಾಣೆಗಳನ್ನು ದಾಟಿ ಕುರ್ಲಾದಲ್ಲಿ ಇಳಿಯುತ್ತಾನೆ. ಅವನ ಕಣ್ಣಿಗೆ ಫೋರ್ಟು ಬೀಳುವುದೇ ಇಲ್ಲ. ಹಿಂದೆ ಹಡಗು, ರೈಲುಗಳು ಇಳಿಸಿದ ಕಡೆ ಕೇರಿ ಬೆಳೆದಂತೆ, ಈಗ ಈ ಗಾಡಿ ನಿಲ್ಲುವ ಕಡೆಗಳಲ್ಲಿ ನಮ್ಮವರ ಮನೆಗಳು ಹೆಚ್ಚುತ್ತಿವೆ. ಊರಿಗೆ ಹೋಗುವ ಹಿಂದಿನ ದಿನ ರಾತ್ರಿ ಸಾಮಾನು ಹೊತ್ತು ನಗರವನ್ನೆಲ್ಲ ದಾಟಬೇಕಾಗದ ಬಡಾವಣೆಯಲ್ಲಿ ಇರಬೇಕೆಂಬ ಆಸೆ ಹಳೆಯ ಟಾಂಗಾ ಬಾಡಿಗೆಯ ಲೆಕ್ಕದ ಮೊಮ್ಮಗನೇ ಸರಿ.

ಕಳೆದ ಬೇಸಗೆಯಲ್ಲಿ ಮುಂಬಯಿಯಿಂದ ಪರಿಚಿತರೊಬ್ಬರ ಮಗ ದೂರವಾಣಿ ಮಾಡಿದ್ದ. ಅಜ್ಜನ ಕಾಲದಲ್ಲಿ ಫೋರ್ಟಿಗೆ ಹೋದ ಕುಟುಂಬ. ತಂದೆ ಹುಟ್ಟಿದ್ದು ಮಾಟುಂಗದಲ್ಲಿ, ಇವನು ಹುಟ್ಟಿ ಬೆಳೆದದ್ದು ಠಾಣೆಯಲ್ಲಿ. ಕಾಪುವಿನ ಹತ್ತಿರದ ಅವರ ತರವಾಡು ಮನೆಯಲ್ಲಿ ದೈವದ ನೇಮವಿತ್ತು. ಮನೆಯಲ್ಲಿ ವಾಸವಿರುವವರು ಯಾರೂ ಇಲ್ಲ. ಬೀಗ ತೆಗೆಸಿ ಗುಡಿಸಿಟ್ಟಿದ್ದಾರೆ, ಆದರೆ ಹೆಂಡತಿ ಮಕ್ಕಳೊಂದಿಗೆ ಅಲ್ಲಿ ರಾತ್ರಿ ಕಳೆಯುವ ಸ್ಥಿತಿ ಇಲ್ಲ. ಅವನ ತುಳುವಿನಲ್ಲಿ ಅರ್ಧ ಹಿಂದಿ ಬೆರೆತಿತ್ತು. 'ಅಂಕಲ್, ನಾಲ್ಕು ದಿನಕ್ಕೆ ರೂಮು ಮಾಡಬೇಕು. ಉಡುಪಿ ರಥಬೀದಿಯ ಹತ್ತಿರ ಒಳ್ಳೆಯದೋ, ಮಣಿಪಾಲ ಒಳ್ಳೆಯದೋ, ಇಲ್ಲ ಕಾಪು ಬೀಚಿನ ಕಡೆ ನೋಡಲೋ?' ಎಂದು ಕೇಳಿದ. ನಮ್ಮ ಮನೆಗೆ ಬಾ ಎಂದೆ. ಬಂದ, ನಾಲ್ಕು ಮಂದಿಗೂ ಹಾಸಿಗೆ ಹಾಸಿದೆವು.